ಊದಿ ನೋಡಿದ ಮೇಲೆ

ತುಟಿಯ ನಡುವೆ ಪ್ಲಾಸ್ಟಿಕ್ ಕೊಳವೆ, ಹೊಸ ಬಕೀಟಿನ ವಾಸನೆ, ಮೂಗು ಬಿಗಿದ ಕ್ಲಿಪ್ಪು, ಬೀದರದ ಈ ದವಾಖಾನೆಯಲ್ಲಿ ಉಸಿರು ಅಳೆಯುವ ಅಖೀಲ ಎದುರಿಗೆ ನಿಂತು ಕೈ ಬೀಸುತ್ತಾನೆ, ಊದ್ರಿ ಅಮ್ಮಾ, ಇನ್ನಾ ಊದ್ರಿ, ನಿಲ್ಲಿಸಬ್ಯಾಡ್ರಿ — ಊದುತ್ತೇನಪ್ಪಾ, ಈ ಸುಮಿತ್ರಾಬಾಯಿ ಊದದೇ ಬಿಡುತ್ತಾಳೆಯೇ, ಔರಾದ ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ಇಟ್ಟು ಜನ್ಮವಿಡೀ ಒಲೆ ಊದಿದವಳು, ಹಸಿ ತೊಗರಿಕಟ್ಟಿಗೆ, ಕಣ್ಣುರಿ, ಹೊಗೆಯೊಳಗೆ ಕಾಣದ ರೊಟ್ಟಿಯನ್ನು ಕೈಯೇ ಹುಡುಕಿ ತಿರುವುತ್ತಿತ್ತು, ಆ ಹೊಗೆಯನ್ನು ಯಾವ ಡಾಕ್ಟರೂ ಕೇಳಲಿಲ್ಲ, ಊರಿನವರು ಬೆನ್ನಿಗೆ ಸ್ಟೆತೋಸ್ಕೋಪ್ ಮುಟ್ಟಿಸಿ ದಮ್ಮು ಅದ, ಗುಳಿಗಿ ತಗೋರಿ ಎಂದರು, ಭಾಲ್ಕಿಯವರು ಎದೆಯ ಎಕ್ಸ್‌ರೇ ಬೆಳಕಿಗೆ ಹಿಡಿದು ಟಿಬಿ ಇದ್ರೂ ಇರಬಹುದು ಎಂದರು, ಕಫದಲ್ಲಿ ಏನೂ ಸಿಗಲಿಲ್ಲ, ಆದರೂ ಔಷಧಿ ಶುರು, ಮೂತ್ರ ಕೆಂಪು, ಅನ್ನ ಸೇರದು, ಕೆಮ್ಮು ಇದ್ದಂತೆಯೇ ಇತ್ತು, ಮತ್ತು ಅವರ ‘ಇರಬಹುದು’ ನಮ್ಮ ಮನೆ ಮುಟ್ಟುವಷ್ಟರಲ್ಲಿ ‘ಅದ’ ಆಗಿತ್ತು — ಬಾಣಂತನಕ್ಕೆ ತವರೂರು ಭಾತಂಬ್ರಾಕ್ಕೆ ಹೋದ ಸೊಸೆ ಸುವರ್ಣಾ ಮರಳಿ ಬರಲಿಲ್ಲ, ಅತ್ತಿ, ಬ್ಯಾಸರ ಮಾಡ್ಕೋಬ್ಯಾಡ್ರಿ, ಕೂಸಿಗೆ ಹತ್ತಿದ್ರ ಹ್ಯಾಂಗ್ರಿ, ಸಿಟ್ಟೇನೂ ಬರಲಿಲ್ಲ, ನಾನೂ ಹಡೆದವಳೇ, ಆದರೆ ಮೊಮ್ಮಗಳು ಬೋರಲು ಬಿದ್ದದ್ದನ್ನೂ ಮಗ ಓಂಪ್ರಕಾಶನ ಬಾಯಿಂದ ಕೇಳಿದೆ — ಸಾಕ್ರಿ, ಉಸಿರು ತಗೋರಿ — ಕಣ್ಣಿಗೆ ಕತ್ತಲೆ, ಕೆಮ್ಮು, ಮಗ ಬಾಗಿಲಲ್ಲಿ ನಿಂತು ಹೇಳುತ್ತಾನೆ, ಸಾಕ ಬಿಡವ್ವಾ, ಇಷ್ಟ ಮಂದಿ ಡಾಕ್ಟರ್ ಹೇಳ್ಯಾರಲ್ಲ — ನಾನು ಬಿಡುವುದಿಲ್ಲ, ಹೇಳಿದವರು ಬಹಳ, ಅಳೆದವರು ಯಾರು, ಔರಾದಕ್ಕೆ ಹೊಸದಾಗಿ ಬಂದ ಫರಹತ ಡಾಕ್ಟರಮ್ಮನೇ ಕೇಳಿದ್ದು, ಒಲಿ ಕಟ್ಟಿಗಿದೇನ್ರಿ, ಒಮ್ಮಿಯಾರ ಊದಿಸಿ ನೋಡ್ಯಾರೇನ್ರಿ, ಬರೇ ಕಿವಿಗೆ ಹಚ್ಚಿ ಕೇಳಿ ನನಗೂ ಹೇಳ್ಲಾಕ ಬರಲ್ಲ, ಬೀದರಕ್ಕ ಹೋಗ್ರಿ — ಗೊತ್ತಿಲ್ಲ ಎಂದ ಮೊದಲ ಡಾಕ್ಟರು ಆಕೆ, ಅದಕ್ಕೇ ನಂಬಿದೆ.

ಬಾಯಿಗಿಟ್ಟು ಎಳೆಯುವ ಪಂಪಿನ ಔಷಧಿ ಎಳೆಸಿ, ಸ್ವಲ್ಪ ಹೊತ್ತು ಕೂರಿಸಿ, ಮತ್ತೆ ಕೊಳವೆ, ಮತ್ತೆ ಊದ್ರಿ ಊದ್ರಿ, ಪಕ್ಕೆಲುಬು ಹಿಂಡಿ ಬರುತ್ತದೆ, ಊದುತ್ತೇನೆ, ಪರದೆಯ ಮೇಲಿನ ಗೆರೆ ಏರಿದ ಕೂಡಲೇ ಕುಸಿಯುತ್ತದೆ, ಒಳಗಿನಿಂದ ದೊಡ್ಡ ಡಾಕ್ಟರು ಬಂದು ಎರಡೂ ಸಲದ ಗೆರೆ ನೋಡುತ್ತಾರೆ, ಪಂಪಿನ ಔಷಧಿ ಎಳೆದ ಮ್ಯಾಲೂ ಉಸಿರಿನ ದಾರಿ ಬಿಚ್ಚಿಲ್ರಿ, ಇದು ಅಸ್ತಮಾ ಅಲ್ಲ, ಫರಹತ ಮೇಡಂ ಮತ್ತ ಮಾಡಿಸಿದ ಕಫದ ಪರೀಕ್ಷಾದಾಗೂ ಟಿಬಿ ಇಲ್ಲ, ಒಲಿ ಹೊಗಿಗೆ ಪುಪ್ಪುಸ ಸವದಾವ, ಸಿಓಪಿಡಿ ಅಂತಾರ, ಪೂರಾ ವಾಸಿ ಆಗಲ್ಲ, ದಿನಾ ಪಂಪ್ ತಗೋಬೇಕು, ಹೊಗಿ ಬಿಡಬೇಕು — ಹತ್ತತದೇನ್ರೀ ಯಾರಿಗರ, ಅಷ್ಟೇ ಕೇಳಿದೆ, ಯಾರಿಗೂ ಹತ್ತಲ್ಲವ್ವಾ — ವಾಸಿಯಾಗದ ರೋಗ ಎಂದು ಕೇಳಿ ನಕ್ಕವಳು ಈ ದವಾಖಾನೆಯಲ್ಲಿ ನಾನೊಬ್ಬಳೇ ಇರಬೇಕು, ಓಂಪ್ರಕಾಶ ಮುಖ ಆಚೆ ತಿರುಗಿಸಿದ, ಒಲೆ ನಾಳೆಯೇ ಕೆಡವುತ್ತೇನೆ, ಗ್ಯಾಸಿನ ಮೇಲೆ ಬೇಯಿಸುತ್ತೇನೆ, ರುಚಿ ಹೋಯಿತು ಎನ್ನುವ ಗಿರಾಕಿ ಬೇರೆ ಖಾನಾವಳಿ ನೋಡಿಕೊಳ್ಳಲಿ, ಮೊದಲು ಫೋನು ಕೊಡು ಇಲ್ಲಿ, ಸುವರ್ಣಾ, ನಾ ಅತ್ತಿ ಮಾತಾಡ್ಲಕತ್ತೀನಿ, ಊದಿಸಿ ನೋಡ್ಯಾರ, ಟಿಬಿ ಅಲ್ಲಂತ, ಹತ್ತಲ್ಲಂತವಾ — ಖರೇನಾ ಅತ್ತಿ — ಖರೇನೇ — ತಡೀರಿ ಎಂದಳು, ಬಳೆ ಸದ್ದು, ಸೀರೆಯ ಸರಬರ, ಫೋನನ್ನು ಕೂಸಿನ ಮುಖದ ಹತ್ತಿರ ಹಿಡಿದಿರಬೇಕು, ನಿದ್ದೆಯಲ್ಲಿದೆ, ಸಣ್ಣ ಉಸಿರು, ಅರಳೆಯಷ್ಟು ಹಗುರ, ಒಳಗೆ, ಹೊರಗೆ, ಒಳಗೆ, ನನ್ನ ಕಿವಿಯೊಳಗೆ ಆ ಸಣ್ಣ ಉಸಿರು —