ಕಾಲರ್ ಆದ ನಾಮಪತ್ರ

ಆ ಹೊಲಿಗೆ ಅಂಗಡಿಯಲ್ಲೊಂದು ಪದ್ಧತಿಯಿತ್ತು. ಕತ್ತರಿಸುವ ಮೇಜಿನ ಮೇಲೆ ದಪ್ಪ ಕಾಗದ ಕಂಡರೆ ಅದು ಬಟ್ಟೆ ಕತ್ತರಿಸುವ ಅಳತೆಯ ಅಚ್ಚಿಗೇ ಮೀಸಲು; ಯಾರದೆಂದು ಯಾರೂ ಕೇಳುತ್ತಿರಲಿಲ್ಲ. ಹಾಗಾಗಿ ಅಂದು ಮಧ್ಯಾಹ್ನ ಕಿರಿಸೊಸೆ, ಮೇಜಿನ ಮೇಲಿದ್ದ ಬಿಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಸರಸರನೆ ಒಂದು ಕಾಲರ್ ಕತ್ತರಿಸಿದಳು. ಆಮೇಲೆ ಅದನ್ನು ಮಗುಚಿ ನೋಡಿದಳು.

ಅದು ಪುರಸಭೆ ಚುನಾವಣೆಗೆ ಅವಳ ಓರಗಿತ್ತಿಯ ನಾಮಪತ್ರ. ಹತ್ತು ಸೂಚಕರ ಸಹಿಗಳಲ್ಲಿ ಐದು ಕಾಲರಿನಲ್ಲಿದ್ದವು, ಐದು ಕಸದ ಬುಟ್ಟಿಯಲ್ಲಿ. ಸಲ್ಲಿಸಲು ಅದೇ ಕೊನೆಯ ದಿನ, ಮೂರು ಗಂಟೆಯೊಳಗೆ.

ಅಂಗಡಿ ಬೀಗವನ್ನು ಮೂರು ಸಲ ಎಳೆದು ನೋಡುವವಳು ಕಿರಿಸೊಸೆ. ಅವಳ ಕೈಯಿಂದಲೇ ಹೀಗಾಗಬೇಕೆ!

"ಅಕ್ಕಾ..." ಎಂದು ಅಳುಮೋರೆಯಲ್ಲಿ ಕಾಗದ ಚಾಚಿದಳು.

ಹಿರಿಸೊಸೆ ಅದನ್ನು ಕೊರಳಿಗೆ ಹಿಡಿದು ನೋಡಿದಳು. "ಅಳತೆ ಸರಿಯಾಗಿದೆ ಕಣೇ."

ಗುಂಡಿ ಹೊಲಿಯುತ್ತಿದ್ದ ಅತ್ತೆ ನಕ್ಕು ನಕ್ಕು ಸೂಜಿ ಬೀಳಿಸಿಕೊಂಡರು. "ನಿಮ್ಮ ಮಾವ ಇದ್ದಿದ್ರೆ ಇದನ್ನೂ ಗಿರಾಕಿಗೆ ಹೊಲಿದು ಕೊಟ್ಟುಬಿಡ್ತಿದ್ರು!"

ಪೇಟೆಬೀದಿಯಲ್ಲಿ ಹೆಂಗಸರಿಗೊಂದು ಶೌಚಾಲಯ ಬೇಕೆಂದು ಹಿರಿಸೊಸೆ ಪುರಸಭೆಯ ಹಳೇ ಸದಸ್ಯರನ್ನು ಮೂರು ಸಲ ಕೇಳಿದ್ದಳು. ಮೂರು ಸಲವೂ "ನೋಡೋಣ ತಾಯಿ" ಎಂದಿದ್ದರು. ನೋಡಿದ್ದು ಸಾಕು ಎಂದು ತಾನೇ ಚುನಾವಣೆಗೆ ನಿಂತಿದ್ದಳು.

"ಹೊಸ ಫಾರಂ ಆಫೀಸಲ್ಲೇ ಸಿಗುತ್ತೆ. ಮತ್ತೆ ಮನೆಮನೆ ಸುತ್ತಿ ಸಹಿ ಹಾಕಿಸೋಕೆ ಹೊತ್ತಿಲ್ಲ, ಎಲ್ಲರನ್ನೂ ಅಲ್ಲಿಗೇ ಕರಿ," ಎಂದಳು ಈಗ.

ಕಿರಿಸೊಸೆ ಮನಸ್ಸಿನಲ್ಲೇ ಎಣಿಸಿದಳು. ಅತ್ತೆಯೊಬ್ಬರನ್ನು ಬಿಟ್ಟರೆ ಉಳಿದ ಒಂಬತ್ತು ಜನ ಹಳೇ ಸದಸ್ಯರಿಗೆ ಹೆದರಿ ತಂತಮ್ಮ ಅಡುಗೆಮನೆಯಲ್ಲಿ, ಮಾತು ಹೊರಗೆ ಹೋಗಬಾರದೆಂಬ ಷರತ್ತಿನ ಮೇಲೆ ಸಹಿ ಹಾಕಿದ್ದರು. ಹಾಡಹಗಲೇ ಬೀದಿ ದಾಟಿ ಬರುತ್ತಾರೆಯೇ? ಅಷ್ಟು ಮನೆಗೆ ಕಾಗದ ಹೊತ್ತು ತಿರುಗಿದ ಅವಳು ತಾನು ಮಾತ್ರ ಸಹಿ ಹಾಕಿರಲಿಲ್ಲ. ಅವಳ ಗಂಡ ಹಳೇ ಸದಸ್ಯರ ಗೋದಾಮಿನಲ್ಲಿ ಕೆಲಸಕ್ಕಿದ್ದ. ಅವನೇನೂ ಬೇಡವೆಂದಿರಲಿಲ್ಲ, ಅವಳು ಕೇಳಿಯೇ ಇರಲಿಲ್ಲ.

ಆದರೂ ಒಬ್ಬೊಬ್ಬರಿಗೂ ಹೇಳಿಬರಲು ಓಡಿದಳು. ಎರಡೂವರೆಗೆ ಕಚೇರಿಯ ಮೆಟ್ಟಿಲ ಬಳಿ ಉಗುರು ಕಚ್ಚುತ್ತಾ ನಿಂತಿದ್ದಾಗ ಮೊದಲು ಬಂದವಳು ಬೇಕರಿಯವಳು, ಮೊಣಕೈಯವರೆಗೂ ಹಿಟ್ಟು. ಹಿಂದೆಯೇ ಶಾಲೆಯ ಆಯಾ, ತರಕಾರಿಯವಳು. ಇಸ್ತ್ರಿಯವಳ ಹಿಂದೆ ಅವಳ ಗಂಡನೂ ಬಂದ.

"ಎಲ್ಲಿಗೇ ಹೊರಟೆ?"

"ಸಹಿ ಹಾಕೋಕೆ. ಇಸ್ತ್ರಿಪೆಟ್ಟಿಗೆ ಕಾದಿದೆ, ಹೋಗಿ ನೋಡ್ಕೋ. ಸಾಹೇಬರ ಪ್ಯಾಂಟು ಸುಟ್ಟೀಯ!"

ಅವನು ತಲೆ ಕೆರೆದುಕೊಂಡು ಹಿಂದಿರುಗಿದ. ಹೆಂಗಸರ ನಗು ಕಚೇರಿಯೊಳಗೂ ಕೇಳಿಸಿತು. ಒಬ್ಬರನ್ನೊಬ್ಬರು ನೋಡಿ, "ಅಯ್ಯೋ, ನೀನೂನಾ?" ಎಂದರು. ಮಡಚಿ ಹಿಡಿದ ಕಾಗದದಲ್ಲಿ ಬೇರೆಯವರ ಸಹಿ ಕಾಣದೆ, ಇಷ್ಟು ದಿನ ಒಬ್ಬೊಬ್ಬಳೂ ತಾನೊಬ್ಬಳೇ ಎಂದುಕೊಂಡಿದ್ದಳು.

ಚುನಾವಣಾಧಿಕಾರಿ ಕನ್ನಡಕ ಏರಿಸಿಕೊಂಡು, ಅತ್ತೆಯದೂ ಸೇರಿ ಹೊಸ ಫಾರಂ ಮೇಲಿನ ಸಹಿ ಎಣಿಸಿದರು. "ಒಂಬತ್ತಾಯ್ತು. ಇನ್ನೊಬ್ಬರು?"

ಹತ್ತನೆಯವಳು ಆಸ್ಪತ್ರೆಯ ದಾದಿ. ಹೆರಿಗೆ ಕೋಣೆಯಿಂದ ಈಚೆ ಬರಲಾರೆನೆಂದು ಹೇಳಿಕಳಿಸಿದ್ದಳು. ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷ.

ಹಿರಿಸೊಸೆ ಕಿಟಕಿಯಾಚೆ ನೋಡುತ್ತಾ ನಿಂತಳು, ಬೇಕೆಂದೇ. ಓರಗಿತ್ತಿಯ ಮೇಲೆ ಭಾರ ಬೀಳಬಾರದೆಂದು. ಕಿರಿಸೊಸೆಗೆ ಅದು ತಿಳಿಯಿತು. ತಿಳಿದ ಮೇಲೆ ನಿಂತಲ್ಲೇ ನಿಲ್ಲಲಾಗಲಿಲ್ಲ.

"ಪೆನ್ನು ಕೊಡಿ ಸಾರ್. ನಾನೂ ಇದೇ ವಾರ್ಡಿನವಳೇ."

ಅವಸರದಲ್ಲಿ ಸಹಿ ಗೆರೆ ದಾಟಿತು. ಅವಳು ಗಾಬರಿಯಾದಳು. "ನಡೆಯುತ್ತಾ ಸಾರ್?"

"ನಡೆಯುತ್ತೆ ಬಿಡಮ್ಮ," ಎಂದರು ಅವರು.

"ಹೊಲಿಗೆಗೆ ಗೆರೆಯಾಚೆ ಅಂಚು ಬಿಡೋ ಅಭ್ಯಾಸ ಅವಳಿಗೆ," ಎಂದರು ಅತ್ತೆ. ಕೋಣೆಯೆಲ್ಲ ನಕ್ಕಿತು. ಮೊಹರು ಧಪ್ಪನೆ ಬಿತ್ತು.

ಮರಳುವ ದಾರಿಯಲ್ಲಿ ಅತ್ತೆ ಅವಳ ಕೈಹಿಡಿದು, "ನನ್ನ ಮಗನಿಗೆ ನಾನು ಹೇಳ್ತೀನಿ, ಹೆದರಬೇಡ," ಎಂದರು.

"ಬೇಡ ಅತ್ತೆ. ನಾನೇ ಹೇಳ್ತೀನಿ."

ಅಂಗಡಿ ಸೇರಿದ ಮೇಲೆ, ಐದು ಸಹಿಯ ಆ ಕಾಲರನ್ನು ಉಳಿದ ಅಚ್ಚುಗಳ ಜೊತೆ ಮೊಳೆಗೆ ಸಿಕ್ಕಿಸಿದಳು. ಆ ಸಂಜೆ ಬೀಗ ಹಾಕಿದವಳು ಒಂದೇ ಸಲ ಎಳೆದು ನೋಡಿ, ಮನೆ ಕಡೆ ಹೊರಟಳು.