ಮುನ್ಸಾಕನ ಬಂದೂಕು

ನನ್ನ ಮಂಡಿ ಕೈಕೊಟ್ಟ ಮೇಲೆ, ನಮ್ಮ ವಾರ್ಡಿನ ಬೇಟೆಗಾರನ ಕೆಲಸ ಲುಯಾಂಡೊಗೆ ಸಿಗಬೇಕೆಂದು ಮೊದಲು ಬಾಯಿಬಿಟ್ಟವನು ನಾನೇ. ಜಾಡು ಹಿಡಿಯುವುದರಲ್ಲಿ ಅವಳನ್ನು ಮೀರಿಸುವವರು ಈ ಕಣಿವೆಯಲ್ಲಿ ಇಲ್ಲ. ಜೋಳದ ಹೊಲಕ್ಕೆ ನುಗ್ಗುವ ಕಾಡುಕೋಣವನ್ನು ಹೊಡೆಯುವುದು, ಊರಿಗೆಲ್ಲ ಮಾಂಸ ಹಂಚುವುದು ಈ ಕೆಲಸ. ಮರುದಿನ ಬೆಳಿಗ್ಗೆ ಕೌನ್ಸಿಲಿನ ಅಧಿಕಾರಿ ಬಂದು ಅವಳ ಗುರಿ ನೋಡುವವನಿದ್ದ. ಗುರಿ ತಪ್ಪಿದರೆ ಕೆಲಸ ಪಕ್ಕದ ವಾರ್ಡಿನವರ ಪಾಲು. ನಮ್ಮ ಕಾಡಿಗೆ ಆ ಬಡಾಯಿಕೋರರು ಬರುವುದನ್ನು ನೆನೆದರೇ ನನಗೆ ಮೈ ಉರಿಯುತ್ತಿತ್ತು.

ಲುಯಾಂಡೊ ಮಾತ್ರ ಹಟ ಹಿಡಿದಿದ್ದಳು. ಹೊಡೆದರೆ ತನ್ನ ಸೋದರಮಾವ ಮುನ್ಸಾಕನ ಬಂದೂಕಿನಲ್ಲೇ ಹೊಡೆಯುತ್ತಾಳಂತೆ. ನನ್ನ ಜತೆ ಬೇಟೆಗೆ ಬರುತ್ತಿದ್ದ ಮುನ್ಸಾಕ ಹೋದ ವರ್ಷ ತೀರಿಕೊಂಡ. ನಮ್ಮಲ್ಲಿ ಗಂಡಸಿನ ಸೊತ್ತು ಅವನ ಅಕ್ಕತಂಗಿಯರ ಮಕ್ಕಳಿಗೆ ತಾನೆ ಹೋಗುವುದು, ಹಾಗಾಗಿ ಅವನ ನಾನೂರೈವತ್ತೆಂಟರ ಅಳತೆಯ ದೊಡ್ಡ ಕೋವಿ ಇವಳ ಮನೆಗೆ ಬಂತು. ಯಾವನೋ ಪರದೇಶಿ ಬೇಟೆಗಾರ ಮೆಚ್ಚಿ ಕೊಟ್ಟುಹೋಗಿದ್ದ ಬಂದೂಕು ಅದು. ಆನೆಯನ್ನೂ ಕೂರಿಸುತ್ತದೆ, ಒದೆತಕ್ಕೆ ಹೊಡೆದವನನ್ನೂ ಕೂರಿಸುತ್ತದೆ.

ಸಂಜೆ ಒಣ ಹೊಳೆಯ ಮರಳಿನಲ್ಲಿ ರಟ್ಟಿನ ಕೋಣ ನಿಲ್ಲಿಸಿದ್ದೆವು. ಲುಯಾಂಡೊಳ ತಾಯಿ ಚೋಲ್ವೆ ಮೊಪಾನೆ ಮರದ ಕೆಳಗೆ ಕೂತು ಸೋರೆಬುರುಡೆಯ ಹುಕ್ಕಾ ಗುಡುಗುಡಿಸುತ್ತಿದ್ದಳು. ಲುಯಾಂಡೊ ಹೊಡೆದಳು. ಗುಂಡು ಕೋಣದ ಕಾಲ ಬಳಿ ಮರಳೆಬ್ಬಿಸಿತು. ಇನ್ನೊಂದೂ ಅಲ್ಲಿಗೇ ಹೋಯಿತು.

"ಏನೇ ಆಡೇ, ಕೋಣ ಹೊಡೀತಿದೀಯೋ, ಗೆದ್ದಲು ಹೊಡೀತಿದೀಯೋ?" ಎಂದೆ.

"ಮುದಿ ಕಿರುಬ, ನೀನು ಸುಮ್ನೆ ಮೂಳೆ ಕಡ್ಕೊಂಡು ಕೂತಿರು. ಇದರ ನಳಿಗೆ ಮೇಲಿನ ಗುರಿಕಣ್ಣು ಸೊಟ್ಟಗಿದೆ," ಎಂದಳು ಲುಯಾಂಡೊ, ಭುಜ ಉಜ್ಜಿಕೊಳ್ಳುತ್ತ.

ನಾವು ಕತ್ತೆಕಿರುಬದ ಕುಲ, ಅವರು ಆಡಿನ ಕುಲ. ನಮ್ಮ ನಡುವೆ ಬೈದಾಡಿಕೊಳ್ಳುವ ನಂಟು. ನಾನೇನು ಅಂದರೂ ಅವರು ಸಿಟ್ಟಾಗುವಂತಿಲ್ಲ, ಅವರೇನು ಅಂದರೂ ನಾನು ಸಿಟ್ಟಾಗುವಂತಿಲ್ಲ.

ನನ್ನ ಹಳೆಯ, ಅದಕ್ಕಿಂತ ಚಿಕ್ಕ ಗುಂಡಿನ ಮುನ್ನೂರೆಪ್ಪತ್ತೈದನ್ನು ಲುಯಾಂಡೊಳ ಮುಂದೆ ಹಿಡಿದೆ. "ಇದನ್ನ ತಗೋ. ಒದೆಯಲ್ಲ, ತಳ್ಳುತ್ತೆ ಅಷ್ಟೆ. ಮೊದಲು ಮೆತ್ತನೆ ಮೂತಿಯ ಗುಂಡು ಹಾಕು, ಒಳಗೆ ಹೋಗಿ ಅರಳುತ್ತೆ. ಅದರ ಹಿಂದೆ ಗಟ್ಟಿ ಗುಂಡು ಇಟ್ಕೋ, ಕೋಣ ತಿರುಗಿ ಓಡಿದ್ರೂ ಹಿಂದಿನಿಂದ ಎದೆ ಮುಟ್ಟುತ್ತೆ. ಕೋಣಕ್ಕೆ ಇಷ್ಟು ಧಾರಾಳ ಸಾಕು."

ಲುಯಾಂಡೊ ಅದರ ಕಡೆ ಆಸೆಯಿಂದ ನೋಡಿದಳು. ನಾನು ಕಂಡೆ. ಆಮೇಲೆ ತಾಯಿಯ ಮುಖ ನೋಡಿದಳು.

"ನನ್ನ ತಮ್ಮನ ಬಂದೂಕು ಕೆಳಗಿಟ್ರೆ ಅವನನ್ನೇ ಕೆಳಗಿಟ್ಟ ಹಾಗೆ," ಎಂದಳು ಚೋಲ್ವೆ. "ಅಷ್ಟೊಂದು ಕೋಣ ಹೊಡೆದು ಊರಿಗೆ ಊಟ ಹಾಕಿದ ಬಂದೂಕು ಅದು. ಅದು ಇವಳ ಕೈಯಲ್ಲೇ ಇರ್ಬೇಕು."

"ಅದು ಒಂದು ಕೋಣಾನೂ ಹೊಡೆದಿಲ್ಲ ಅಂತ ನಾನು ಅವನ ಸಾವಿನ ಮನೇಲೇ ಹೇಳಿದ್ದೆನಲ್ಲ," ಎಂದೆ.

"ನೀನು ಸಾವಿನ ಮನೇಲಿ ಏನೇನೋ ಹೇಳಿದ್ದೆ ಬಿಡು."

ಹೇಳಿದ್ದು ನಿಜ. ಸತ್ತವನನ್ನು ಅವನ ಅಂಗಳದಲ್ಲೇ ಅಣಕಿಸಿ, ಅಳುವವರನ್ನು ನಗಿಸುವುದು ಕಿರುಬ ಕುಲದ ನಮ್ಮ ಕೆಲಸ. ಅಂದು ಒನಕೆಯನ್ನು ಭುಜಕ್ಕಿಟ್ಟು, ಕಣ್ಣು ಬಿಗಿಯಾಗಿ ಮುಚ್ಚಿ, ತುದಿಯನ್ನು ನೆಲಕ್ಕೆ ಬಗ್ಗಿಸಿ, ಮುನ್ಸಾಕ ದೊಡ್ಡ ಬಂದೂಕು ಹೊಡೆಯುತ್ತಿದ್ದ ಪರಿಯನ್ನು ತೋರಿಸಿದ್ದೆ. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಒಬ್ಬರೂ ನಂಬಲಿಲ್ಲ. ಕಿರುಬನ ಬಾಯಲ್ಲಿ ಬಂದದ್ದೆಲ್ಲ ತಮಾಷೆ ಎಂದು ಇವರು ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ನನಗೆ ಆಗಲೇ ಬೇಜಾರಾಗಿತ್ತು.

ಈಗ ಬೇಜಾರು ಮೀರಿ ರೇಗಿತು. ಲುಯಾಂಡೊಳ ಕೈಯಿಂದ ಮುನ್ಸಾಕನ ಬಂದೂಕು ಕಿತ್ತುಕೊಂಡೆ. ಸತ್ತವನ ಆಯುಧವನ್ನು ಬೇರೆ ಯಾರಾದರೂ ಹಾಗೆ ಕಿತ್ತುಕೊಂಡಿದ್ದರೆ ಪಂಚಾಯಿತಿ ಸೇರುತ್ತಿತ್ತು. ಕಿರುಬನಿಗೆ ಆ ಕಟ್ಟುಪಾಡಿಲ್ಲ. ಬೆನ್ನು ತಿರುಗಿಸಿ, ಅವಳೇ ಆಗ ಹೊಡೆದು ಬಿಸಾಡಿದ್ದ ಖಾಲಿ ತೋಟಾ ಒಂದನ್ನು ಒಳಗಿಟ್ಟು ಬಂದೂಕಿನ ಚಿಲಕ ಹಾಕಿದೆ.

"ಗುರಿಕಣ್ಣು ಸರಿ ಮಾಡಿದೀನಿ. ಹೊಡಿ."

ಲುಯಾಂಡೊ ಕಾಲು ಊರಿ ನಿಂತಳು, ಉಸಿರು ಬಿಟ್ಟಳು, ಟ್ರಿಗರ್ ಎಳೆದಳು. ಟಕ್ ಎಂದಿತು, ಅಷ್ಟೇ. ಸದ್ದಿಲ್ಲ, ಒದೆತವಿಲ್ಲ. ಆದರೂ ಒದೆತದ ಭಯಕ್ಕೆ ಬಂದೂಕಿನ ಮೂತಿ ಗಪ್ಪನೆ ನೆಲಕ್ಕೆ ಬಗ್ಗಿತ್ತು, ಅವಳ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದವು.

ಹುಕ್ಕಾದ ಗುಡುಗುಡು ನಿಂತಿತು.

ಚೋಲ್ವೆ ಎದ್ದು ಬಂದಳು. ಮಗಳ ಮುಖವನ್ನೇ ನೋಡುತ್ತ, "ಲೋ ಕಿರುಬ, ಒನಕೆ ಹಿಡ್ಕೊಂಡು ನೀನು ಕುಣಿದದ್ದು ಹಿಂಗೇ ಅಲ್ವೇನೋ?" ಎಂದಳು.

"ಹಿಂಗೇ."

"ಕಣ್ಣು ಮುಚ್ಚಿದ್ದೂ?"

"ಅದೂ ಹಿಂಗೇ. ಮಾವನ ಪಡಿಯಚ್ಚು ಕಣೇ ನಿನ್ನ ಮಗಳು."

"ಹಂಗಾದ್ರೆ ಅವನು ಕೋಣ ಹೊಡೀತಿದ್ದದ್ದು ಯಾವುದ್ರಲ್ಲಿ?"

"ಇದ್ರಲ್ಲಿ," ಎಂದು ಮುನ್ನೂರೆಪ್ಪತ್ತೈದನ್ನು ಅವಳ ಕೈಗಿಟ್ಟೆ. "ಊರ ಗಡಿ ದಾಟೋವರೆಗೂ ಆ ದೊಡ್ಡದನ್ನ ಹೊತ್ಕೊಂಡು ಮೆರೀತಿದ್ದ. ಆಮೇಲೆ ಅದು ನನ್ನ ಭುಜಕ್ಕೆ, ಇದು ಅವನ ಕೈಗೆ. ಬರುವಾಗ ಗಡಿಯಲ್ಲಿ ಮತ್ತೆ ಅದಲು ಬದಲು. ಬಂದೂಕಿನ ಹಿಂಬದಿಯ ಮರ ಮುಟ್ಟಿ ನೋಡು, ಅವನ ಕೆನ್ನೆ ಉಜ್ಜಿ ಉಜ್ಜಿ ನುಣುಪಾಗಿದೆ."

ಚೋಲ್ವೆ ಆ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು. ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. "ಕಳ್ಳ ನನ್ಮಗ," ಎಂದಳು. ನನಗೋ ತಮ್ಮನಿಗೋ ಗೊತ್ತಾಗಲಿಲ್ಲ. ಆಮೇಲೆ ಆ ಚಿಕ್ಕ ಬಂದೂಕನ್ನು ಮಗಳ ಕೈಗೆ ತಾನೇ ಕೊಟ್ಟಳು.

ಬೆಳಕು ಇರುವವರೆಗೂ ಲುಯಾಂಡೊ ಹೊಡೆದಳು. ನಡುನಡುವೆ ನಾನು ಹೇಳದೆ ಖಾಲಿ ತೋಟಾ ತುಂಬುತ್ತಿದ್ದೆ. ಮೊದಮೊದಲು ಮೂತಿ ಬಗ್ಗಿತು, ಕೊನೆಕೊನೆಗೆ ಅಲುಗಾಡಲಿಲ್ಲ. ಕತ್ತಲಾಗುವ ಹೊತ್ತಿಗೆ ರಟ್ಟಿನ ಕೋಣದ ಭುಜದ ಹಿಂದೆ ಒಂದು ಅಂಗೈ ಮುಚ್ಚುವಷ್ಟು ಜಾಗ ತೂತು ಬಿದ್ದಿತ್ತು.

ಬೆಳಿಗ್ಗೆ ಅಧಿಕಾರಿ ಬಂದ, ಅವಳು ಮುನ್ನೂರೆಪ್ಪತ್ತೈದರಲ್ಲಿ ಹೊಡೆದದ್ದನ್ನು ನೋಡಿದ, ಹುಬ್ಬೇರಿಸಿದ. ಕೆಲಸ ನಿನ್ನದೇ ಎಂದು ಅವಳ ಕೈ ಕುಲುಕಿ, "ಯಾರದಮ್ಮ ಈ ಬಂದೂಕು?" ಎಂದು ಕೇಳಿದ.

"ನಮ್ಮ ಸೋದರಮಾವಂದು," ಎಂದಳು ಲುಯಾಂಡೊ.

ನನ್ನ ಬಂದೂಕನ್ನು ಮಾವನದು ಎಂದರೂ ನಾನು ನಕ್ಕು ತಲೆಯಾಡಿಸಿದೆ. ಅಷ್ಟು ಖುಷಿಯಾಗಿತ್ತು ನನಗೆ.

ಊರಿಗೆ ಹಿಂತಿರುಗುವಾಗ ದೊಡ್ಡ ಬಂದೂಕು ಎಂದಿನಂತೆ ನನ್ನ ಭುಜದ ಮೇಲಿತ್ತು, ಮಂಡಿ ನೋಯುತ್ತಿತ್ತು. ಗಡಿಯ ಬಾವೊಬಾಬ್ ಮರದ ಹತ್ತಿರ ಲುಯಾಂಡೊ ನಿಂತಳು. ಮುನ್ನೂರೆಪ್ಪತ್ತೈದನ್ನು ನನ್ನ ಕೈಗೆ ಕೊಟ್ಟು, ನನ್ನ ಭುಜದಿಂದ ದೊಡ್ಡದನ್ನು ಇಳಿಸಿಕೊಂಡಳು.

"ಕೊಡು ಕಿರುಬ, ಊರು ಬಂತು," ಎಂದು ಅದನ್ನು ಹೆಗಲಿಗೇರಿಸಿ, ಎದೆ ಸೆಟೆಸಿ ಮುಂದೆ ನಡೆದಳು.