ನಡುವಿನ ಸೀಟು

ನಾಲ್ಕು ದಿನಕ್ಕೊಮ್ಮೆ ಬರುವ ನಳದ ನೀರು ಆವತ್ತು ಬೆಳಿಗ್ಗೆ ಆರಕ್ಕೇ ಬಂದಿತ್ತು. ಅಂಬಿಕಾ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮೂರನೆಯ ಡ್ರಮ್ಮಿಗೆ ಪೈಪು ಬಿಟ್ಟು, ಅದು ತುಂಬುವಷ್ಟರಲ್ಲಿ ತಾಮ್ರದ ಕೊಡಕ್ಕೆ ಹುಣಸೆಹಣ್ಣು ತಿಕ್ಕುತ್ತಿದ್ದಳು. ಗಂಡ ಶಿವರಾಜ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಹಿತ್ತಲಿಗೆ ಬಂದು ಫೋನನ್ನು ಅವಳ ಮುಖದ ಮುಂದೆ ಹಿಡಿದ.

"ನೋಡಿಲ್ಲಿ. ಬಿಟ್ಟೇ ಬಿಟ್ಟಾರ."

"ಏನು ಬಿಟ್ಟಾರ?"

"ನಮ್ಮ ಗಾಡಿ. ಹೊಸ ಮಾರೀದು."

ಚಿತ್ರದಲ್ಲಿರುವುದು ಅಂಗಳದಲ್ಲಿ ನಿಂತ ತಮ್ಮ ಬಿಳಿ ಕಾರೇ ಎಂದು ಅವಳಿಗೆ ಮೊದಲು ಅನಿಸಿತು. ಸರಿಯಾಗಿ ನೋಡಿದರೆ ಮುಖ ಬೇರೆ; ಮುಂದಿನ ದೀಪಗಳು ಸಣ್ಣಗಾಗಿ, ಹುಬ್ಬು ಏರಿಸಿದ ಹಾಗೆ ಮೇಲಕ್ಕೆ ಹೋಗಿದ್ದವು. ಅವುಗಳ ನಡುವಿನ ಜಾಲರಿ ಅಗಲವಾಗಿ ಕಪ್ಪಾಗಿತ್ತು.

"ಇದಕ್ಕೂ ನಮ್ಮದಕ್ಕೂ ಏನು ಫರಕ್ ಐತ್ರಿ?"

"ಫರಕ್ ಏನು ಅಂತಾಳ," ಶಿವರಾಜ ಕಲ್ಲಿನ ಬದಿಗೆ ಉಗುಳಿದ. "ತಂದು ಹತ್ತು ತಿಂಗಳಾಗಿಲ್ಲ, ಗಾಡಿ ಹಳೇದಾತು. ಯಾವುದಾರ ಮದುವಿಗೆ ಹೋಗಿ ಇದರ ಬಾಜೂಕ ನಿಲ್ಲಿಸು, ಫರಕ್ ಗೊತ್ತಾಗತೈತಿ."

ಡ್ರಮ್ಮು ತುಂಬಿ ನೀರು ಹೊಸ್ತಿಲು ದಾಟಿತ್ತು. ಒಳಗಿನಿಂದ ಅತ್ತೆ ಅಮರಮ್ಮ ಕೂಗಿದಳು. "ನೀರು ಓಣಿಗೆ ಹೊಂಟಾವ. ನಾಕು ದಿನ ಆ ಫೋನ್ ಹಿಂಡಿಕೊಂಡು ಕುಡೀತೀರೇನು?"

ಶಿವರಾಜ ಹಟ್ಟಿಯ ಚಿನ್ನದ ಗಣಿಯಲ್ಲಿ ಫಿಟ್ಟರ್. ಲಿಂಗಸುಗೂರಿನ ಈ ಮನೆಯಿಂದ ಪಾಳಿಗೆ ಬಸ್ಸಿನಲ್ಲೇ ಹೋಗಿಬರುತ್ತಿದ್ದ. ಕಾರು ರವಿವಾರಕ್ಕೆ, ಮದುವೆಗೆ, ಬೀಗರ ಊರಿಗೆ. ಹೋದ ದಸರೆಯಂದು ಸಿಂಧನೂರಿನ ಶೋರೂಮಿನಿಂದ ಒಂದೇ ದಿನ ಹನ್ನೊಂದು ಮಂದಿ ಇದೇ ಕಾರನ್ನು ಮನೆಗೆ ತಂದಿದ್ದರು. ಸಾಲಾಗಿ ನಿಲ್ಲಿಸಿದ ಹನ್ನೊಂದು ಗಾಡಿಗಳಿಗೂ ಒಬ್ಬನೇ ಪೂಜಾರಿ ಕಾಯಿ ಒಡೆದಿದ್ದ. ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ವೀರೇಶ ಅಲ್ಲೇ ಎಲ್ಲರ ನಂಬರು ತೆಗೆದುಕೊಂಡು ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದ. ಇಷ್ಟು ದಿನ ಅದರಲ್ಲಿ ಹೂವಿನ ಚಿತ್ರ, ಹಬ್ಬದ ಶುಭಾಶಯ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಆವತ್ತು ಫೋನು ಬಡಿದುಕೊಳ್ಳುವುದು ನಿಲ್ಲಲಿಲ್ಲ. ಮೋಸ ಅಂತ ಒಬ್ಬ ಬರೆದ. ಹಳೆಯದೇ ಚೆಂದ, ಇದು ಬೆಕ್ಕಿನ ಮಾರಿ ಅಂತ ಇನ್ನೊಬ್ಬ. ಮಸ್ಕಿಯಲ್ಲಿ ಕುರಿ ವ್ಯಾಪಾರ ಮಾಡುವ ಮಾಳಿಂಗರಾಯನಿಗೆ ಬರೆಯುವ ತಾಳ್ಮೆ ಇಲ್ಲ, ಮಾತಾಡಿಯೇ ಕಳಿಸಿದ: "ಮರಿ ಅಂತ ಹೇಳಿ ನಮಗ ಮುದಿ ಟಗರು ಹಿಡಿಸ್ಯಾರಲೇ. ಬಾಯಿ ಬಿಡಿಸಿ ಹಲ್ಲು ನೋಡಿ ತಗೋಬೇಕಿತ್ತು." ರವಿವಾರ ಎಲ್ಲರೂ ಗಾಡಿ ಸಮೇತ ನಡುವಿನ ಊರಾದ ಮಸ್ಕಿಗೆ ಬರಬೇಕು, ಕೂತು ಮಾತಾಡೋಣ ಎಂದು ವೀರೇಶ ಬರೆದ.

ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಅಂಬಿಕಾ ಆ ಹೊಸ ಗಾಡಿಯ ವಿವರವನ್ನು ತನ್ನ ಫೋನಿನಲ್ಲಿ ಓದಿದಳು. ದೀಪ, ಬಣ್ಣ, ಗಾಲಿ ಎಲ್ಲ ಮುಗಿದ ಮೇಲೆ ಕೊನೆಯಲ್ಲೊಂದು ಸಾಲಿತ್ತು. ಹಿಂದಿನ ಮೂರೂ ಸೀಟಿಗೆ ಭುಜದ ಮೇಲಿಂದ ಬರುವ ಬೆಲ್ಟು. ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. ಒದ್ದೆ ಬೆರಳು ತಾಗಿ ಅಕ್ಷರ ಸರಿದುಹೋದವು, ಮತ್ತೆ ಹುಡುಕಿ ಓದಿದಳು.

ಹೋದ ತಿಂಗಳು ಜವಳಗೇರಾಕ್ಕೆ ಮದುವೆಗೆ ಹೋಗಿದ್ದರು. ಮುಂದಿನ ಸೀಟಿನ ತುಂಬ ಮುಯ್ಯಿಯ ಪಾತ್ರೆ, ಹಣ್ಣಿನ ಬುಟ್ಟಿ. ಹಿಂದೆ ಒಂದು ಬದಿ ಅಮರಮ್ಮ, ಇನ್ನೊಂದು ಬದಿ ತಾನು, ನಡುವೆ ಏಳು ವರ್ಷದ ಮಗಳು ಜ್ಯೋತಿ. ನಡುವೆ ಕೂತರೆ ರಸ್ತೆ ಕಾಣುತ್ತದೆ ಎಂದು ಅವಳು ಯಾವಾಗಲೂ ಅಲ್ಲೇ ಕೂರುವವಳು. ಕಾಲುವೆಯ ದಾರಿಯಿಂದ ಕೆಸರು ಮೆತ್ತಿದ ಟ್ರ್ಯಾಕ್ಟರೊಂದು ಹಿಂದೆಮುಂದೆ ನೋಡದೆ ರಸ್ತೆಗೆ ಏರಿತು. ಶಿವರಾಜ ಬ್ರೇಕು ತುಳಿದ. ಅಂಬಿಕಾ ಕೈ ಚಾಚಿದಳು; ಕೈಗೆ ಸಿಕ್ಕದ್ದು ಲಂಗದ ಚುಂಗು ಮಾತ್ರ. ಮಗು ಎರಡು ಸೀಟುಗಳ ನಡುವೆ ನುಗ್ಗಿ ಗೇರಿನ ಮೇಲೆ ಬಿತ್ತು. ಗದ್ದ ಸೀಳಿ ಐದು ಹೊಲಿಗೆ ಬಿದ್ದವು. ಸ್ವಲ್ಪ ಮೇಲಾಗಿದ್ದರೆ ಹಲ್ಲು, ಇನ್ನೂ ಮೇಲಾಗಿದ್ದರೆ ಕಣ್ಣು ಅಂದಿದ್ದರು ಡಾಕ್ಟರು. ಆಮೇಲೆ ಎಷ್ಟೋ ದಿನ ಅಂಬಿಕಾಳಿಗೆ ರೊಟ್ಟಿ ಬಡಿಯುವಾಗ ಕೈ ನಿಂತುಬಿಡುತ್ತಿತ್ತು. ತೊಡೆಯ ಮೇಲೆ ಯಾಕೆ ಕೂರಿಸಿಕೊಳ್ಳಲಿಲ್ಲ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಈಗ ಉತ್ತರ ಸಿಕ್ಕಿತು. ಕೊಡಬೇಕಾದದ್ದನ್ನು ಕಂಪನಿಯವರು ಕೊಟ್ಟಿರಲಿಲ್ಲ. ಹತ್ತು ತಿಂಗಳು ತಡೆದು ಬೇರೆಯವರ ಮಕ್ಕಳಿಗೆ ಕೊಟ್ಟಿದ್ದಾರೆ. ಸಿಟ್ಟು ಬಂತು, ಆ ಸಿಟ್ಟಿನ ಜೊತೆಗೇ ಎದೆಯ ಮೇಲಿನ ಕಲ್ಲೊಂದನ್ನು ಯಾರೋ ಎತ್ತಿಟ್ಟಂತೆಯೂ ಆಯಿತು.

ಸಂಜೆ ಜಡೆ ಹಾಕುವಾಗ ಅದನ್ನೇ ಮಗಳಿಗೆ ಹೇಳಿದಳು. "ಅವರದ ತಪ್ಪವ್ವ. ನಮ್ಮ ಗಾಡ್ಯಾಗ ನಡುವಿನ ಸೀಟಿಗೆ ಬೆಲ್ಟ್ ಕೊಟ್ಟಿಲ್ಲ. ಕೊಟ್ಟಿದ್ರ ನಿನಗ ಹಿಂಗ ಆಗತಿದ್ದಿಲ್ಲ."

ಜ್ಯೋತಿ ತಲೆ ತಿರುಗಿಸಿ ಅವ್ವನ ಮುಖ ನೋಡಿದಳು. "ಅವ್ವಾ, ಒಂದು ಕೇಳ್ಲೇನು?"

"ಕೇಳು."

"ಏನಿಲ್ಲ ಬಿಡು."

ಗದ್ದ ಒಡೆದಾಗಿನಿಂದ ಇವಳದು ಹೀಗೇ ಆಗಿತ್ತು. ಕೇಳಲೇ ಅನ್ನುವುದು, ಕೇಳು ಅಂದರೆ ಬಿಡು ಅನ್ನುವುದು. ಕಲೆಯ ಚಿಂತೆ ಇರಬೇಕು ಎಂದುಕೊಂಡು ಅಂಬಿಕಾ ಹೊಲಿಗೆಯ ಗುರುತನ್ನು ಬೆರಳಿಂದ ಸವರಿದಳು. "ದೊಡ್ಡಾಕಿ ಆಗೋದರಾಗ ಹೋಗಿಬಿಡತೈತಿ," ಅಂದಳು.

ರವಿವಾರ ಮಸ್ಕಿಯ ಬಯಲಿನಲ್ಲಿ ಎಂಟು ಕಾರುಗಳು ಬಂದು ನಿಂತವು. ಎಂಟೂ ಬಿಳಿ. ಹೊಲದ ಕೆಲಸಕ್ಕೆ ಹೊರಟ ಹೆಂಗಸರು ಟಂಟಂ ಗಾಡಿಯಿಂದ ಬಗ್ಗಿ ನೋಡುತ್ತ ಹೋದರು. ತಂಗಿ ಮಸ್ಕಿಯಲ್ಲೇ ಇದ್ದುದರಿಂದ ಅಂಬಿಕಾ, ಜ್ಯೋತಿಯ ಜೊತೆ ಅಮರಮ್ಮನೂ ಹೊರಟಿದ್ದಳು. ಕಾರಿನ ಹಿಂದಿನ ಬಾಗಿಲು ತೆಗೆದು, ಕಾಲು ಹೊರಗೆ ಬಿಟ್ಟುಕೊಂಡು, ಎಲೆಯಡಿಕೆ ಮೆಲ್ಲುತ್ತ ಕೂತಳು.

"ಮುಂದಿನ ಮಾರಿ ಬದಲು ಮಾಡಿಕೊಡಬೇಕು ಅಂತ ಶೋರೂಮಿನವರಿಗೆ ಅರ್ಜಿ ಕೊಡೋಣ," ಅಂದ ವೀರೇಶ. "ದೀಪ, ಜಾಲರಿ, ಬಂಪರ್. ಹನ್ನೊಂದು ಮಂದಿ ಕೂಡಿ ಹೋದ್ರ ಇಲ್ಲ ಅನ್ನಂಗಿಲ್ಲ."

"ಮುದುಕಗ ಮೀಸಿಗೆ ಬಣ್ಣ ಹಚ್ಚಿದಂಗ ಆತು," ಮಾಳಿಂಗರಾಯ ನಕ್ಕ. "ನನ್ನ ಅಳಿಯ ಮುಂದಿನ ವಾರ ಹೊಸಾದು ತರಾಕತ್ಯಾನ. ತಂದು ನನ್ನ ಮನಿ ಮುಂದ ನಿಲ್ಲಿಸ್ತಾನ ನೋಡು, ಬೇಕಂತ."

"ನಿಂದು ಅಳಿಯನ ಜಗಳ. ನಾ ಮಾರಬೇಕಂದ್ರ ಈಗ ಇದನ್ನ ಯಾರು ಮೂಸ್ತಾರ ಹೇಳು," ಅಂದ ಶಿವರಾಜ.

ಅಲ್ಲಿ ಗಾಡಿಯನ್ನು ತಾನೇ ಓಡಿಸಿಕೊಂಡು ಬಂದ ಹೆಂಗಸು ಆದೆಮ್ಮ ಒಬ್ಬಳೇ. ಸಿಂಧನೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳು ಗಂಡಸರ ಮಾತು ಮುಗಿಯಲಿ ಎಂದು ಕಾದಳು, ಮುಗಿಯಲಿಲ್ಲ. "ಮಾರಿ ಸುದ್ದಿ ಸಾಕು ಬಿಡ್ರಿ," ಅಂದಳು. "ಹಿಂದಿನ ಮೂರೂ ಸೀಟಿಗೆ ಭುಜದ ಬೆಲ್ಟ್ ಕೊಟ್ಟಾರ. ನಮಗ ನಡುವಿನ ಸೀಟಿಗೆ ಬರೇ ಸೊಂಟದ್ದು. ಅದನ್ನ ಕೇಳೋಣು."

ಇಷ್ಟು ಜನರ ಮುಂದೆ ಅಂಬಿಕಾ ಎಂದೂ ಮಾತಾಡಿದವಳಲ್ಲ. "ನಮ್ಮದರಾಗ ಸೊಂಟದ್ದೂ ಇಲ್ರಿ," ಅಂದಳು. ದನಿ ನಡುಗಿತು. ಜ್ಯೋತಿಯ ಭುಜ ಹಿಡಿದು ಮುಂದೆ ತಂದು ಗದ್ದ ಎತ್ತಿ ತೋರಿಸಿದಳು. "ಇದ್ದಿದ್ರ ನನ್ನ ಮಗಳಿಗೆ ಇದು ಆಗತಿತ್ತೇನ್ರಿ?"

ಎಲ್ಲರೂ ಬಗ್ಗಿ ನೋಡಿದರು. ಜ್ಯೋತಿ ಕಣ್ಣು ಮುಚ್ಚಿಕೊಂಡಳು.

ವೀರೇಶ ಆಗಲೇ ಫೋನು ತೆಗೆದಿದ್ದ. "ಅಕ್ಕಾರ, ಇದನ್ನ ಇಲ್ಲಿ ನೋಡಿ ಇನ್ನೊಮ್ಮೆ ಹೇಳ್ರಿ. ಪಾಪುನ ಗದ್ದ ಕಾಣಂಗ ಹಿಡೀರಿ. ಕಂಪನಿಗೆ ಕಳಸ್ತೀನಿ. ಇದರ ಮುಂದ ದೀಪ ಜಾಲರಿ ಏನೂ ಅಲ್ಲ."

ಅಂಬಿಕಾ ಫೋನಿನ ಕಡೆ ನೋಡಿ ಇನ್ನೊಮ್ಮೆ ಹೇಳಿದಳು. ಈ ಸಲ ದನಿ ನಡುಗಲಿಲ್ಲ. ಶಿವರಾಜ ಹೆಂಡತಿಯನ್ನು ಹೆಮ್ಮೆಯಿಂದ ನೋಡಿದ.

ಆದೆಮ್ಮ ಮಾತ್ರ ಹುಬ್ಬು ಗಂಟಿಕ್ಕಿ ಅವರ ಕಾರಿನ ಹಿಂದಿನ ಸೀಟನ್ನು ನೋಡುತ್ತಿದ್ದಳು. ಮರೂನ್ ಬಣ್ಣದ ರೆಕ್ಸಿನ್ ಕವರು, ಅಂಚಿಗೆ ಬಿಳಿ ದಾರ. ಅವಳು ತನ್ನ ಗಾಡಿಗೆ ಕವರನ್ನೇ ಹಾಕಿಸಿರಲಿಲ್ಲ. "ಒಂದೇ ದಿನ ಬಂದ ಗಾಡಿ. ನನ್ನದರಾಗ ಇದ್ದದ್ದು ನಿಮ್ಮದರಾಗ ಇಲ್ಲ ಅಂದ್ರ ಹೆಂಗ?" ಅಂದಳು. "ಈ ಕವರ್ ಹೊಲಿದವರು ಯಾರು?"

ಹೊಲಿದವನು ಅಖ್ತರ್. ಅವನ ಅಂಗಡಿ ಬಯಲಿನ ಎದುರಿಗೇ ಇತ್ತು. ಅಲ್ಲಿದ್ದ ಎಂಟರಲ್ಲಿ ಆರು ಗಾಡಿಗಳ ಸೀಟು ಅವನ ಕೈಯದೇ. ಮಾಳಿಂಗರಾಯ ಅಲ್ಲಿಂದಲೇ ಕೂಗಿ ಕರೆದ. ಅಖ್ತರ್ ಕತ್ತರಿ ಕೈಯಲ್ಲಿ ಹಿಡಿದೇ ಬಂದು, ವಿಷಯ ಕೇಳಿ, ಸೀಟಿನ ಕಡೆ ಬಗ್ಗಿ ನೋಡಿದ.

"ಐತಲ್ರಿ," ಅಂದ ಮೆಲ್ಲಗೆ. "ಬೆಲ್ಟ್ ಹೊರಗ ಬರಾಕ ಬಾಜೂದ ಎರಡಕ್ಕ ಕವರಿಗೆ ಬಾಯಿ ಬಿಟ್ಟೀನಿ. ನಡುವಿಂದು ಒಳಗ ಐತಿ."

ಅಮರಮ್ಮನನ್ನು ಇಳಿಸಿ, ಅವನು ಸೀಟಿನ ಮೇಲೆ ಮೊಣಕಾಲೂರಿ, ಹಿಂಬದಿಯ ಹೊಲಿಗೆಯನ್ನು ಒಂದು ಗೇಣು ಬಿಚ್ಚಿದ. ಕೈ ಒಳಗೆ ಹಾಕಿ ತಡವಿದ. ಕಪ್ಪು ಪಟ್ಟಿಯ ಒಂದು ತುದಿ ಬಂತು, ಆಮೇಲೆ ಇನ್ನೊಂದು. ಕೊಕ್ಕೆಗೆ ಸುತ್ತಿದ ಪ್ಲಾಸ್ಟಿಕ್ಕನ್ನು ಕೂಡ ಯಾರೂ ಬಿಚ್ಚಿರಲಿಲ್ಲ. ಎರಡನ್ನೂ ಅವನು ಸೀಟಿನ ಮೇಲೆ ಪಕ್ಕಪಕ್ಕಕ್ಕೆ ಇಟ್ಟ.

"ಸಣ್ಣಾಕಿ ಅದಾಳ, ಇದಕ್ಕೂ ಬಾಯಿ ಬಿಡ್ತೀನಿ ಅಂದಿದ್ದೆ. ಬ್ಯಾಡ ಅಂದ್ರು ನಿಮ್ಮ ಮನ್ಯಾಗಿನವರು," ಅಂದ. ಹಾಗನ್ನುವಾಗ ಯಾರ ಮುಖವನ್ನೂ ನೋಡಲಿಲ್ಲ.

ಅಂಬಿಕಾಳಿಗೆ ಎಲ್ಲ ನೆನಪಾಯಿತು. ಗಾಡಿ ತಂದ ಮೂರನೆಯ ದಿನ, ಇದೇ ಅಂಗಡಿಯ ಮುಂದೆ. ಶಿವರಾಜ ಎದುರಿನ ಹೋಟೆಲಿಗೆ ಚಹಾ ತರಲು ಹೋಗಿದ್ದ. ಅಮರಮ್ಮ ಬಂದಿರಲೇ ಇಲ್ಲ. ಬಣ್ಣ ಆರಿಸಿದವಳು ತಾನು, ಬಿಳಿ ಅಂಚು ಬೇಕೆಂದವಳು ತಾನು. ಗಾಡಿ ತಂದ ದಿನ ಅತ್ತೆ ಕೊಕ್ಕೆ ಚುಚ್ಚುತ್ತದೆ ಅಂದದ್ದು ನಿಜ. ಆದರೆ ಆವತ್ತು ತನ್ನ ಮನಸ್ಸಿನಲ್ಲಿ ಅತ್ತೆ ಇರಲಿಲ್ಲ. ಆ ಕರಿ ಕೊಕ್ಕೆ ನಟ್ಟನಡುವೆ ಚಾಚಿಕೊಂಡು ಕವರಿನ ಚೆಂದ ಕೆಡಿಸುತ್ತಿತ್ತು, ಅಷ್ಟೆ. ಮುಚ್ಚಿ ಹೊಲಿದುಬಿಡ್ರಿ, ಯಾರು ಕಟ್ಟಿಕೊಳ್ತಾರ ಅದನ್ನ, ಅಂದಿದ್ದಳು. ಜ್ಯೋತಿ ಆಗ ಆ ಕೊಕ್ಕೆ ಹಾಕುತ್ತ ತೆಗೆಯುತ್ತ ಆಡುತ್ತಿದ್ದಳು. ಅವಳನ್ನು ಎಬ್ಬಿಸಿ ಇಳಿಸಿದ್ದೂ ತಾನೇ.

ವೀರೇಶ ಫೋನು ಜೇಬಿಗೆ ಹಾಕಿಕೊಂಡ. ಮಾಳಿಂಗರಾಯ ತನ್ನ ಗಾಡಿಗೆ ಹೋಗಿ, ಬಾಗಿಲು ತೆಗೆದು, ಹಿಂದಿನ ಸೀಟಿನ ನಡುವೆ ಅಂಗೈ ಒತ್ತಿ ನೋಡಿದ. ಅವನನ್ನು ನೋಡಿ ಇನ್ನೊಬ್ಬ ಹೋದ. ಬಯಲಿನ ತುಂಬ ಗಂಡಸರು ಕಾರುಗಳೊಳಗೆ ಅರ್ಧ ಮೈ ತೂರಿಸಿ, ಗಟ್ಟಿ ಏನಾದರೂ ಕೈಗೆ ಹತ್ತುತ್ತದೆಯೇ ಎಂದು ತಮ್ಮ ತಮ್ಮ ಸೀಟನ್ನು ಒತ್ತತೊಡಗಿದರು.

ಶಿವರಾಜನ ಮುಖ ಕೆಂಪಾಗಿತ್ತು. ತಪ್ಪನ್ನು ಎಲ್ಲರೆದುರು ಯಾರ ಮೇಲಾದರೂ ಹಾಕಬೇಕಿತ್ತು. "ಅವ್ವ, ನಿಂದ ಇರಬೇಕು ಈ ಮಾತು. ಚುಚ್ಚತೈತಿ ಚುಚ್ಚತೈತಿ ಅಂತ ಸಿಂಧನೂರಿನಿಂದ ಮನೀತನಕ ಜಪ ಮಾಡಿದಾಕಿ ನೀನ."

ಅಮರಮ್ಮ ಸೀಟಿನ ಮೇಲಿನ ಪಟ್ಟಿಯನ್ನು ನೋಡಿದಳು. ನೆನಪು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. "ಇರಬೇಕಪ್ಪ," ಅಂದಳು. "ನಾನ ಅಂದಿರಬೇಕು. ಮುದುಕಿ ಬಾಯಿ, ಅಂದದ್ದು ನೆನಪಿರಂಗಿಲ್ಲ." ಮೊಮ್ಮಗಳನ್ನು ಹತ್ತಿರ ಎಳೆದುಕೊಂಡು ಅವಳ ತಲೆಗೆ ತನ್ನ ಗಲ್ಲ ತಾಗಿಸಿದಳು. "ನನ್ನ ತೊಡಿಗೆ ಚುಚ್ಚತೈತಿ ಅಂತ ಕೂಸಿನ ಗದ್ದ ಒಡಸಿದೆ ನೋಡವ್ವ." ಸೆರಗಿನಿಂದ ಕಣ್ಣೊತ್ತಿಕೊಂಡಳು.

ಅಂಬಿಕಾ ಬಾಯಿ ತೆರೆದಳು. ಅಖ್ತರ್ ತಲೆ ತಗ್ಗಿಸಿ, ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದ. ಆದೆಮ್ಮ ತನ್ನನ್ನೇ ನೋಡುತ್ತಿದ್ದಾಳೆ ಅನಿಸಿತು. ಅತ್ತೆಯ ಸೆರಗಿನ ಅಂಚು ಒದ್ದೆಯಾಗಿತ್ತು. ಹೇಳಬೇಕಾದದ್ದು ನಾಲ್ಕೇ ಮಾತು. ಅಂಬಿಕಾ ಬಾಯಿ ಮುಚ್ಚಿ, ಸೀಟಿನ ಮೇಲೆ ಉದುರಿದ ದಾರದ ಚೂರುಗಳನ್ನು ಆಯತೊಡಗಿದಳು.

"ಹೋಗ್ಲಿ ಬಿಡಬೇ," ಅಂದ ಶಿವರಾಜ, ಅವ್ವನ ಮೇಲೆ ಸಿಟ್ಟು ಇಳಿದವನಂತೆ. "ಆದದ್ದು ಆತು. ಹೊಂಡ್ರಿ."

ಜ್ಯೋತಿ ಅಜ್ಜಿಯ ತೋಳಿನಿಂದ ಬಿಡಿಸಿಕೊಂಡಳು. ಕಾರನ್ನು ಸುತ್ತಿ, ಇನ್ನೊಂದು ಬಾಗಿಲಿನಿಂದ ಹತ್ತಿ, ನಡುವಿನ ಸೀಟಿನ ಮೇಲೆ ಮೊಣಕಾಲೂರಿ ಅವ್ವನ ಎದುರಿಗೆ ಬಂದಳು. ಅಂಬಿಕಾ ದಾರ ಆಯುತ್ತಲೇ ಇದ್ದಳು.

"ಅವ್ವಾ," ಅಂದಳು ಜ್ಯೋತಿ, ಎಲ್ಲರಿಗೂ ಕೇಳುವ ಹಾಗೆ. "ಮುಚ್ಚಿ ಹೊಲಿದುಬಿಡ್ರಿ ಅಂತ ಅಖ್ತರ್ ಕಾಕಾಗ ಹೇಳಿದಾಕಿ ನೀ ಅಲ್ಲೇನು?"